ಅಜೈಬಾದಲ್ಲಿ ಹೊಲಿದ ಎರಡು ಪಕ್ಷದ ಕೋಟುಗಳು

ಮಸ್ಕತ್ತಿನ ಅಲ್ ಅಜೈಬಾದಲ್ಲಿ ನಮ್ಮ ಹೊಲಿಗೆ ಅಂಗಡಿ ಇದ್ದ ಜಾಗದಲ್ಲಿ ಈಗ ಕರಕ್ ಚಹಾ ಮಾರುತ್ತಾರೆ. ಕಾರಿನಿಂದ ಇಳಿಯುವುದೂ ಬೇಡ, ಹಾರ್ನ್ ಹೊಡೆದರೆ ಕಾಗದದ ಲೋಟದಲ್ಲಿ ಚಹಾ ಕೈಗೆ ಬರುತ್ತದೆ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ನಾನೂ ನಿಲ್ಲಿಸಿ ಒಂದು ಲೋಟ ತೆಗೆದುಕೊಂಡೆ. ಅವರು ಚಹಾ ಕುದಿಸುವ ಒಲೆ ಇರುವಲ್ಲೇ ನನ್ನ ಕಟಿಂಗ್ ಮೇಜು ಇತ್ತು. ಅದರ ಹಿಂದೆ, ಗೋಡೆಗೆ ಮುಖ ಮಾಡಿ, ಕೋಟಣ್ಣನ ಮೆಷಿನ್.

ಆ ಮೇಜಿನ ಮೇಲೆ ಲೆಕ್ಕವಿಲ್ಲದಷ್ಟು ದಿಶ್‌ದಾಶಾ ಕತ್ತರಿಸಿದ್ದೇನೆ. ಒಮಾನಿಗಳು ದಿನಾ ಉಡುವ ಕಾಲಿನವರೆಗಿನ ಆ ಬಿಳಿ ಅಂಗಿಯೇ ನಮ್ಮ ಅನ್ನ. ಆದರೆ ಅವುಗಳಲ್ಲಿ ಒಂದೂ ನೆನಪಿನಲ್ಲಿ ಉಳಿದಿಲ್ಲ. ಉಳಿದಿರುವುದು ಒಂದು ಬೇಸಗೆಗೆ ಮುಂಚೆ ನಾವು ಹೊಲಿದ ಅಮೆರಿಕದ ಸಂಸತ್ತಿನ ಕೋಟುಗಳು.

ಕೆಲಸ ತಂದವರು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಶಾಲೆಯ ಇತಿಹಾಸದ ಟೀಚರ್. ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ಬೆಂದೂರಿನ ಕಡೆಯವರು. ಅಮೆರಿಕದ ಪಾಠಕ್ರಮದ ಶಾಲೆ ಅದು, ಅಲ್ಲಿ ಅಮೆರಿಕದ ಚರಿತ್ರೆ ಹೇಳಿಕೊಡುತ್ತಿದ್ದರು. ಗಂಡನ ಪ್ಯಾಂಟಿನ ಉದ್ದ ಸರಿ ಮಾಡಿಸಲು ಬರುತ್ತಿದ್ದವರು ಆ ದಿನ ಮೇಜಿನ ಮೇಲೆ ಬಣ್ಣದ ಚಿತ್ರಗಳನ್ನು ಹರಡಿದರು. ಮುಂದೆ ಗಿಡ್ಡ, ಹಿಂದೆ ಮೊಣಕಾಲಿನವರೆಗೆ ಬಾಲ ಇರುವ ಕೋಟುಗಳು. ಕಿವಿಯವರೆಗೆ ನಿಂತ ಕಾಲರು.

"ಮಾಸ್ಟರ್, ಇದು ಸಾಧ್ಯ ಉಂಟಾ? ಮಕ್ಕಳ ನಾಟಕಕ್ಕೆ. ಪರೀಕ್ಷೆ ಶುರುವಾಗುವ ಮೊದಲು ಬೇಕು."

"ಸಾಧ್ಯ ಟೀಚರ್. ಒಂದೇ ನಮೂನೆ ಹೊಲಿದು ಬಣ್ಣ ಬೇರೆ ಬೇರೆ ಮಾಡಿದ್ರೆ ಆಯ್ತಲ್ಲ?"

"ಹಾಗಾದ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ," ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. "ಆ ಕಾಲದಲ್ಲಿ ಮನುಷ್ಯ ಯಾವ ಪಕ್ಷ ಅಂತ ದೂರದಿಂದ ಬಟ್ಟೆ ನೋಡಿಯೇ ಹೇಳ್ಬಹುದಿತ್ತು."

ಅವರು ಹೇಳಿದ ಕಥೆಯಲ್ಲಿ ನನಗೆ ಅರ್ಥವಾದದ್ದು ಇಷ್ಟು. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಅಮೆರಿಕದಲ್ಲಿ ಫೆಡರಲಿಸ್ಟ್ ಎಂದು ಒಂದು ಪಕ್ಷ, ರಿಪಬ್ಲಿಕನ್ ಎಂದು ಇನ್ನೊಂದು. ಈಗಿನ ರಿಪಬ್ಲಿಕನ್ ಬೇರೆ, ಅದು ಬೇರೆ. ಫೆಡರಲಿಸ್ಟರಲ್ಲಿ ಹಳಬರು ಮೊಣಕಾಲಿಗೆ ನಿಲ್ಲುವ ಇಜಾರ, ರೇಷ್ಮೆ ಕಾಲುಚೀಲ, ಕೂದಲಿಗೆ ಬಿಳಿ ಪುಡಿ ಬಿಟ್ಟುಕೊಟ್ಟಿರಲಿಲ್ಲ. ರಿಪಬ್ಲಿಕನ್ನರಲ್ಲಿ ಹೊಸಬರು ಕೂದಲು ಗಿಡ್ಡ ಕತ್ತರಿಸಿ, ಉದ್ದ ಪ್ಯಾಂಟು ಹಾಕಿ ತಿರುಗುತ್ತಿದ್ದರು. ಟೋಪಿಗೆ ಸಿಕ್ಕಿಸುವ ರಿಬ್ಬನ್ ಹೂವಿನಲ್ಲೂ ಭೇದ: ಅವರದ್ದು ಕಪ್ಪು, ಇವರದ್ದು ಮೂರು ಬಣ್ಣ. ಚುನಾವಣೆಯಲ್ಲಿ ರಿಪಬ್ಲಿಕನ್ನರು ಗೆದ್ದರು. ಆದರೆ ಅವರಲ್ಲೇ ಇಬ್ಬರಿಗೆ, ಒಬ್ಬರು ವರ್ಜೀನಿಯಾದವರು, ಇನ್ನೊಬ್ಬರು ನ್ಯೂಯಾರ್ಕಿನವರು, ಸರಿಸಮ ಮತ ಬಿತ್ತು. ಅಧ್ಯಕ್ಷ ಯಾರು ಎಂದು ಸಂಸತ್ತು ತೀರ್ಮಾನಿಸಬೇಕು. ಒಂದು ರಾಜ್ಯಕ್ಕೆ ಒಂದೇ ಮತ. ಸೋತ ಫೆಡರಲಿಸ್ಟರಿಗೆ ವರ್ಜೀನಿಯಾದವರೆಂದರೆ ಆಗದು, ಅವರನ್ನು ತಡೆಯಲು ನ್ಯೂಯಾರ್ಕಿನವರಿಗೆ ಮತ ಹಾಕಿದರು. ಯಾರಿಗೂ ಬೇಕಾದಷ್ಟು ಸಿಗಲಿಲ್ಲ. ಮತ್ತೆ ಮತ, ಮತ್ತೆ ಅದೇ. ದಿನಗಟ್ಟಲೆ ಹಾಗೇ ನಡೆಯಿತು. ಆ ಇಬ್ಬರ ಹೆಸರನ್ನು ಮಕ್ಕಳ ಬಾಯಲ್ಲಿ ಆಮೇಲೆ ಎಷ್ಟೋ ಸಲ ಕೇಳಿದೆ. ಆದರೂ ನನಗೆ ಅವರು ವರ್ಜೀನಿಯಾದವರು, ನ್ಯೂಯಾರ್ಕಿನವರು ಅಷ್ಟೆ. ಗಿರಾಕಿಗಳನ್ನು ಊರಿನ ಹೆಸರಿನಿಂದ ನೆನಪಿಟ್ಟುಕೊಂಡು ರೂಢಿ.

"ಎಷ್ಟರ ಮಟ್ಟಿಗೆ ದ್ವೇಷ ಗೊತ್ತುಂಟಾ ಮಾಸ್ಟರ್? ಜೀವಮಾನವಿಡೀ ಸ್ನೇಹಿತರಾಗಿದ್ದವರು ಎದುರು ಸಿಕ್ಕಿದ್ರೆ ರಸ್ತೆ ದಾಟಿ ಆಚೆ ಬದಿಗೆ ಹೋಗ್ತಿದ್ರಂತೆ."

ನಾನು ಅಳತೆ ಟೇಪು ಸುತ್ತುತ್ತಾ ಕೂತೆ. ನನ್ನ ಬೆನ್ನ ಹಿಂದೆ ಓಡುತ್ತಿದ್ದ ಮೆಷಿನ್ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಕೋಟಣ್ಣ ಎಂದು ನಾವೆಲ್ಲ ಕರೆಯುತ್ತಿದ್ದದ್ದು ನಮ್ಮ ಕೋಟು ಹೊಲಿಯುವವರನ್ನು. ಮೂಲ್ಕಿಯವರು, ಮನೆಯಲ್ಲಿ ತುಳು. ನಾನು ಬ್ಯಾರಿ, ಕರಾವಳಿಯ ಮುಸಲ್ಮಾನ; ನನ್ನ ಮನೆ ಮೂಲ್ಕಿಯಿಂದ ಕೂಗಳತೆಯ ದೂರದಲ್ಲಿ. ಊರಲ್ಲಿ ಒಬ್ಬರಿಗೊಬ್ಬರು ಪರಿಚಯವಿರಲಿಲ್ಲ. ಪರಿಚಯವಾದದ್ದು ಒಮಾನಿನ ಒಳನಾಡಿನ ಊರು ರುಸ್ತಾಕಿನ ಸೂಕಿನಲ್ಲಿ, ಅಂದರೆ ಅಲ್ಲಿಯ ಪೇಟೆಯಲ್ಲಿ, ಒಂದೇ ಅಂಗಡಿಯ ಎರಡು ಮೆಷಿನ್‌ಗಳ ಮೇಲೆ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಬಾಣಲೆಯಲ್ಲಿ ಬಂಗುಡೆ ಹುರಿದು ತಿಂದವರು ನಾವು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನನಗೆ 'ಅಣ್ಣ'. ನಾನು ಕತ್ತರಿ ಹಿಡಿದವನಾದ್ದರಿಂದ ಅವರಿಗೆ 'ಮಾಸ್ಟ್ರು'.

ಟೀಚರ್ ಬಂದ ಹೊತ್ತಿಗೆ ನಮ್ಮಿಬ್ಬರ ನಡುವೆ ಮಾತು ನಿಂತಿತ್ತು.

ಊರಲ್ಲಿ ಚುನಾವಣೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಫೋನಿಗೆ ಮೂಲ್ಕಿಯ ಮೆರವಣಿಗೆಯ ವಿಡಿಯೋ ಬಂತು. ಅದನ್ನು ನೋಡುತ್ತಾ ನಗುತ್ತಾ, "ಈ ಸಲ ನಿಮ್ಮವರಿಗೆ ಗೊತ್ತಾಗ್ತದೆ," ಎಂದರು.

"ನಮ್ಮವರು ಅಂದ್ರೆ ಯಾರಣ್ಣ?"

"ನಿಮ್ಮನ್ನು ಹೇಳಿದ್ದಲ್ಲ ಮಾರಾಯ್ರೆ."

"ಈ ಅಂಗಡಿಯಲ್ಲಿ ನಮ್ಮವರು ಅಂತ ಇರುವುದು ನಾನೊಬ್ಬನೇ."

ಅಲ್ಲಿಗೆ ಬಿಡಬಹುದಿತ್ತು. ನಾನೂ ಬಿಡಲಿಲ್ಲ, ನಿಮ್ಮವರಿಂದಲೇ ಊರು ಹಾಳಾದದ್ದು ಎಂದೆ. ಅವರು ಬುತ್ತಿಯ ಮುಚ್ಚಳ ಹಾಕಿ ಮೆಷಿನ್ನಿನ ಹಿಂದೆ ಹೋಗಿ ಕೂತರು. ಅಂದಿನಿಂದ ನಮ್ಮ ಮಾತೆಲ್ಲ ಇಸ್ತ್ರಿ ಚಾಚಾನ ಮೂಲಕ. ಅವನು ಬಾಂಗ್ಲಾದೇಶದ ಚಿತ್ತಗಾಂಗಿನವ, ನೆರೆತ ಗಡ್ಡದ ಮನುಷ್ಯ. ನಾನು ಹಿಂದಿಯಲ್ಲಿ ಅವನಿಗೆ ಹೇಳಬೇಕು, ಅವನು ನಾಲ್ಕು ಹೆಜ್ಜೆ ಆಚೆ ಹೋಗಿ ಅದನ್ನೇ ಕೋಟಣ್ಣನಿಗೆ ಹೇಳಬೇಕು. ಒಂದು ದಿನ ಅವನು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, "ಆಪ್ ದೋನೋ ಕಾ ಗಾಂವ್ ಏಕ್, ಜಬಾನ್ ಏಕ್. ಮೈ ಬೀಚ್ ಮೇ ಕಾಯ್ಕೋ?" ಎಂದು ಕೇಳಿಯೇ ಬಿಟ್ಟ. ಊರೂ ಒಂದು, ಭಾಷೆಯೂ ಒಂದು, ನಡುವೆ ನಾನ್ಯಾಕೆ ಎಂದು. ನಾನು ಕತ್ತರಿ ಎತ್ತಿಕೊಂಡೆ, ಕೋಟಣ್ಣ ಮೆಷಿನ್ ತುಳಿದರು.

ಹಾಗಿರುವಾಗ ಬಂದ ಕೆಲಸ ಇದು.

ಬಟ್ಟೆಗೆ ರೂವಿಯ ಪೇಟೆಗೆ ಹೋದೆ. ಚಿತ್ರದಲ್ಲಿದ್ದದ್ದು ದಪ್ಪ ಉಣ್ಣೆ; ಮಸ್ಕತ್ತಿನ ಸೆಖೆಗೆ ಅದು ಆಗದು. ಉಣ್ಣೆಯ ಹಾಗೆ ಬೀಳುವ, ಆದರೆ ಹಗುರವಾದ ಸೂಟಿಂಗ್ ಬಟ್ಟೆ ಆರಿಸಿದೆ. ಫೆಡರಲಿಸ್ಟರಿಗೆ ಕಪ್ಪು, ರಿಪಬ್ಲಿಕನ್ನರಿಗೆ ಕಂದು. ಲೈನಿಂಗ್ ಬೆನ್ನಿಗೆ ಬೇಡ, ಎದೆಗೆ ಮಾತ್ರ ಸಾಕು ಎಂದು ತೀರ್ಮಾನಿಸಿದೆ. ಮಕ್ಕಳ ಅಳತೆಯನ್ನು ಟೀಚರೇ ತೆಗೆದು ಕಳಿಸಿದರು. ಖಾಕಿ ಕಾಗದದ ಮೇಲೆ ನಮೂನೆ ಎಳೆಯಲು ಕೂತಾಗ ಆ ಕೋಟಿನ ಬೆನ್ನು ನನ್ನನ್ನು ಕಾಡಿತು. ಈಗಿನ ಕೋಟಿನ ಬೆನ್ನು ಅಗಲ, ಪಕ್ಕದ ಹೊಲಿಗೆ ಕಂಕುಳಿನ ಕೆಳಗೆ ನೇರ ಇಳಿಯುತ್ತದೆ. ಅದರದ್ದು ಹಾಗಲ್ಲ. ಭುಜದ ಹಿಂದಿನಿಂದ ಹೊರಟ ಹೊಲಿಗೆ ಬಿಲ್ಲಿನ ಹಾಗೆ ಬಾಗಿ ಬೆನ್ನುಮೂಳೆಯ ಹತ್ತಿರ ಬಂದು ಸೊಂಟದ ಎರಡು ಬಟನಿನಲ್ಲಿ ಮುಗಿಯುತ್ತದೆ. ಬೆನ್ನು ಅಂಗೈಯಷ್ಟೇ ಅಗಲ ಕಾಣಬೇಕು.

ಅಷ್ಟು ಕಿರಿದಾದ ಬೆನ್ನಿನಲ್ಲಿ ಮಕ್ಕಳು ಕೈ ಆಡಿಸುವುದು ಹೇಗೆ? ನಾಟಕವಿಡೀ ಎದ್ದು ನಿಂತು ಕೈ ಎತ್ತಿ ಭಾಷಣ. ನಾನು ದಿಶ್‌ದಾಶಾ ಕತ್ತರಿಸುವವನು. ಸಡಿಲವಾಗಿದ್ದಷ್ಟೂ ಆರಾಮ ಎನ್ನುವುದು ನನ್ನ ಕೈಗೆ ಹತ್ತಿದ ಪಾಠ. ತೋಳು ಕೂರುವ ಆರ್ಮ್‌ಹೋಲನ್ನು ಕೆಳಗೆ ಇಳಿಸಿ ದೊಡ್ಡದು ಮಾಡಿದೆ. ಕಾಗದದ ಮೇಲೆ ಅದು ಚೆನ್ನಾಗಿಯೇ ಕಂಡಿತು. ಒಂದು ಕೋಟು ಮೊದಲು ಹೊಲಿದು ನೋಡುವ ಪದ್ಧತಿ. ಆದರೆ ದಿನ ಕಡಿಮೆ ಎಂದು ಬಟ್ಟೆಯನ್ನು ಪದರ ಪದರವಾಗಿ ಹಾಸಿ ಎಲ್ಲವನ್ನೂ ಒಟ್ಟಿಗೇ ಕತ್ತರಿಸಿ, ಕಟ್ಟು ಕಟ್ಟಿ, ಚಾಚಾನ ಕೈಯಲ್ಲಿ ಕೋಟಣ್ಣನಿಗೆ ಕಳಿಸಿದೆ.

ಕೋಟಣ್ಣ ಒಂದು ಮುಂಭಾಗವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನನ್ನ ಕಡೆ ನೋಡಿದರು. ಏನೋ ಹೇಳಹೊರಟ ಹಾಗೆ ಕಂಡಿತು. ಮತ್ತೆ ತಲೆ ತಗ್ಗಿಸಿ ಮೆಷಿನ್ ತುಳಿದರು.

ಮೊದಲಿನ ಎರಡು ಕೋಟು ತಯಾರಾದಾಗ ತೂಗುಹಾಕಿ ನೋಡಿದೆವು. ಚಿತ್ರದಿಂದ ಇಳಿದು ಬಂದ ಹಾಗಿತ್ತು. ಕಾಲರಿನೊಳಗೆ ಕ್ಯಾನ್ವಾಸ್ ಇಟ್ಟು ಅವರು ಕೈಯಲ್ಲಿ ಹಾಕಿದ ಸಣ್ಣ ಸಣ್ಣ ಹೊಲಿಗೆಯಿಂದ ಕಾಲರು ಹಾವಿನ ಹೆಡೆಯಂತೆ ನಿಂತಿತ್ತು. ಚಾಚಾ "ವಾಹ್" ಎಂದ. ಅದನ್ನು ಮಾತ್ರ ಅವನು ಯಾರಿಗೂ ಅನುವಾದ ಮಾಡಬೇಕಾಗಲಿಲ್ಲ.

ಕೋಟು ಹಿಡಿದುಕೊಂಡು ನಾನೊಬ್ಬನೇ ಶಾಲೆಗೆ ಹೋದೆ. ಸಭಾಂಗಣದಲ್ಲಿ ಅಭ್ಯಾಸ ನಡೆಯುತ್ತಿತ್ತು. ಎಲ್ಲ ದೇಶದ ಮಕ್ಕಳು. ಡೆಲವೇರ್ ಎಂಬ ಪುಟ್ಟ ರಾಜ್ಯದ ಏಕೈಕ ಸದಸ್ಯನ ಪಾತ್ರ ಒಬ್ಬ ಒಮಾನಿ ಹುಡುಗಿಯದ್ದು. ವರ್ಮಾಂಟ್ ರಾಜ್ಯದವನಾಗಿದ್ದ ಎತ್ತರದ ಹುಡುಗನಿಗೆ ಟೀಚರ್ ಕಪ್ಪು ಕೋಟು ತೊಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ವೇದಿಕೆ ಹತ್ತಿ ಇಂಗ್ಲಿಷಿನಲ್ಲಿ ಗುಡುಗುತ್ತಾ ಬಲಗೈ ಎತ್ತಿದ.

ಕೈಯೊಂದಿಗೆ ಇಡೀ ಕೋಟು ಮೇಲೆದ್ದಿತು. ಕಾಲರು ಹೋಗಿ ಕಿವಿ ಮುಚ್ಚಿತು, ಮುಂದಿನ ಬಟನುಗಳು ಗಂಟಲಿಗೆ ಬಂದವು, ಹಿಂದಿನ ಬಾಲ ಬಾತುಕೋಳಿಯದ್ದರಂತೆ ನಿಗುರಿತು. ಎಡಗೈಯನ್ನೂ ಎತ್ತಿದಾಗ ಕಂಕುಳಿನಿಂದ ಬೆನ್ನಿನವರೆಗೆ ಪರ್ರೆಂದು ಹರಿಯಿತು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರ್ ನಗಲಿಲ್ಲ. ನನ್ನನ್ನು ಬದಿಗೆ ಕರೆದು ಮೆತ್ತಗೆ ಹೇಳಿದರು: "ಮಾಸ್ಟರ್, ಬೇಜಾರು ಮಾಡ್ಬೇಡಿ. ಕಷ್ಟ ಆಗ್ತದೆ ಅಂತಾದ್ರೆ ಈಗಲೇ ಹೇಳಿ. ಆನ್‌ಲೈನಲ್ಲಿ ರೆಡಿಮೇಡ್ ಸಿಗ್ತದೆ, ಎಲ್ಲ ಒಂದೇ ನಮೂನೆ. ಪ್ರಿನ್ಸಿಪಾಲ್ ಅದನ್ನೇ ಹೇಳ್ತಾ ಇದ್ದಾರೆ. ಒಂದೇ ನಮೂನೆ ಹಾಕಿದ್ರೆ ಈ ಜಗಳ ಎಂತದ್ದು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಅಂತ ನನ್ನ ಹಟ."

"ಒಂದು ವಾರ ಕೊಡಿ ಟೀಚರ್," ಎಂದೆ. ಆ ವಾರದಲ್ಲಿ ಏನು ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಹೊರಡಬೇಕಾದವನು ಹಿಂದಿನ ಸಾಲಿನಲ್ಲಿ ಕೂತುಬಿಟ್ಟೆ. ವೇದಿಕೆಯ ಮೇಲೆ ಇನ್ನೊಂದು ದೃಶ್ಯ ಶುರುವಾಯಿತು. ಮೇರಿಲ್ಯಾಂಡಿನ ಒಬ್ಬ ಸದಸ್ಯನಿಗೆ ಮೈ ಸುಡುವ ಜ್ವರ. ತನ್ನ ಒಂದು ಮತ ತಪ್ಪಿದರೆ ರಾಜ್ಯವೇ ಆಚೆ ಪಕ್ಷಕ್ಕೆ ಹೋಗುತ್ತದೆ ಎಂದು ಹಿಮದಲ್ಲಿ ಹೊತ್ತು ತರಿಸಿಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದ. ಪ್ರತಿ ಸಲ ಚೀಟಿಯನ್ನು ಹಾಸಿಗೆಗೆ ತರುತ್ತಿದ್ದರು, ಹೆಂಡತಿ ಪಕ್ಕದಲ್ಲಿ ಕೂತು ಅವನಿಂದ ಬರೆಸುತ್ತಿದ್ದಳು. ನಿಜವಾಗಿ ನಡೆದ ಸಂಗತಿಯಂತೆ ಅದು. ಅವನು ಯಾವ ಪಕ್ಷದವನೆಂದು ನಾನು ಟೀಚರನ್ನು ಕೇಳಲಿಲ್ಲ. ಕೇಳಬೇಕೆಂದು ಅನಿಸಲೂ ಇಲ್ಲ. ಆ ಮನುಷ್ಯನ ಕೋಟು ಯಾರು ಬಿಚ್ಚಿರಬಹುದು, ಆ ಚಳಿಯಲ್ಲಿ ಯಾರು ಹೊದಿಸಿರಬಹುದು ಎಂದು ಯೋಚಿಸುತ್ತಿದ್ದೆ.

ಅಂಗಡಿಗೆ ಬಂದವನು ಚಾಚಾನನ್ನು ಕರೆಯಲಿಲ್ಲ. ನೇರ ಹೋಗಿ ಹರಿದ ಕೋಟನ್ನು ಕೋಟಣ್ಣನ ಮೆಷಿನ್ನಿನ ಮೇಲೆ ಇಟ್ಟೆ.

"ಇದು ಹರೀತದೆ ಅಂತ ನಿಮಗೆ ಗೊತ್ತಿತ್ತಾ?"

ಅವರು ಹರಿದಲ್ಲಿ ಬೆರಳು ಓಡಿಸಿದರು. "ಗೊತ್ತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀವು ಕೇಳ್ಲಿಲ್ಲ."

ನನಗೆ ಬಂದ ಸಿಟ್ಟಿಗೆ ಮೇಜಿನ ಮೇಲಿದ್ದ ಕಟ್ಟೆಲ್ಲ ಬೀದಿಗೆ ಎಸೆಯಬೇಕೆನಿಸಿತು. ಬಯ್ದರೆ ಅವರು ಎದ್ದು ಹೋಗುತ್ತಾರೆ. ಹೋದರೆ ಕೋಟೂ ಇಲ್ಲ, ಅವರೂ ಇಲ್ಲ. ಆ ಎರಡನೆಯದೇ ನನಗೆ ಹೆಚ್ಚು ಹೆದರಿಕೆ ಎಂದು ಆ ಗಳಿಗೆಯಲ್ಲಿ ತಿಳಿಯಿತು.

ನನ್ನ ಕತ್ತರಿಯನ್ನು ತಂದು ಅವರ ಮುಂದಿಟ್ಟೆ. ನಮ್ಮ ಕಸುಬಿನಲ್ಲಿ ಮಾಸ್ಟರನ ಕತ್ತರಿಯನ್ನು ಇನ್ನೊಬ್ಬ ಮುಟ್ಟುವುದಿಲ್ಲ. ಕೈ ಬದಲಾದರೆ ಅಲಗಿನ ಹದ ಕೆಡುತ್ತದೆ ಎಂದು ನಂಬಿಕೆ. "ಈಗ ಕೇಳ್ತಿದ್ದೇನೆ ಅಣ್ಣ. ನೀವೇ ಕತ್ತರಿಸಿ."

ಕೋಟಣ್ಣ ಕತ್ತರಿ ಮುಟ್ಟಲಿಲ್ಲ. ಸೀಮೆಸುಣ್ಣ ಮಾತ್ರ ತೆಗೆದುಕೊಂಡರು. ನನ್ನ ಮೇಜಿನ ಹತ್ತಿರ ಬಂದು ನನ್ನದೇ ಕಾಗದದ ನಮೂನೆಯ ಮೇಲೆ ಗೆರೆ ಎಳೆಯತೊಡಗಿದರು.

"ತೂತು ದೊಡ್ಡದು ಮಾಡಿದ್ರೆ ಕೈಗೆ ಬಿಡುವು ಅಂತ ನಿಮ್ಮ ಲೆಕ್ಕ. ಕೋಟಿನಲ್ಲಿ ಅದು ಉಲ್ಟಾ ಮಾಸ್ಟ್ರೆ. ತೂತು ಸಣ್ಣದಿರ್ಬೇಕು, ಕಂಕುಳಿಗೆ ತಾಗಿದ ಹಾಗೆ ಮೇಲೆ ಇರ್ಬೇಕು. ಆಗ ಕೈ ಎತ್ತಿದ್ರೆ ಕೈ ಮಾತ್ರ ಏಳ್ತದೆ. ಕೋಟು ಇದ್ದಲ್ಲೇ ಇರ್ತದೆ. ಮತ್ತೆ ತೋಳು ನೇರ ಬೇಡ, ಮೊಣಕೈಯಲ್ಲಿ ಬಗ್ಗಿರ್ಬೇಕು. ಬೊಂಬಾಯಿಯಲ್ಲಿ ಬ್ಯಾಂಡಿನವರ ಕೋಟು ಹೊಲಿಯುವಾಗ ಕಲಿತದ್ದು. ತುತ್ತೂರಿ ಊದುವವ ಕೈ ಎತ್ತಿಯೇ ಇರ್ತಾನಲ್ಲ."

"ಕತ್ತರಿಸಿದ ಬಟ್ಟೆ?"

"ದೊಡ್ಡ ತೂತನ್ನು ಸಣ್ಣ ಮಾಡ್ಲಿಕ್ಕೆ ದೇವರಿಗೂ ಆಗ್ಲಿಕ್ಕಿಲ್ಲ." ಕತ್ತರಿಸಿದ ಮುಂಭಾಗವೊಂದನ್ನು ಎದೆಗೆ ಹಿಡಿದು ನೋಡಿ ಹೇಳಿದರು: "ಒಳಗೆ ಹಾಕುವ ವೇಸ್ಟ್‌ಕೋಟು ಮಾಡುವ. ಅದಕ್ಕೆ ತೋಳಿಲ್ಲ. ತೂತು ಎಷ್ಟು ದೊಡ್ಡದಿದ್ರೂ ಆಗ್ತದೆ."

ಹಾಳಾದದ್ದು ಹಾಳಾಗದೆ ಉಳಿಯಿತು. ಆದರೆ ಕೋಟಿಗೆ ಹೊಸ ಬಟ್ಟೆ ಬೇಕು. ರೂವಿಯಲ್ಲಿ ಕಪ್ಪು ಸಿಕ್ಕಿತು; ಕಂದು ಮುಗಿದಿತ್ತು. ಆಗ ಕೋಟಣ್ಣನೇ ರುಸ್ತಾಕಿನ ನೆನಪು ಮಾಡಿದರು. ನಾವು ಮೊದಲು ಕೆಲಸ ಮಾಡಿದ ಅಂಗಡಿಯ ಎದುರು ಒಬ್ಬ ಬಟ್ಟೆ ವ್ಯಾಪಾರಿ, ಮುದುಕ. ಅವನ ಅಟ್ಟದಲ್ಲಿ ಹಳೆಯ ಸೂಟಿಂಗ್ ಬಟ್ಟೆಯ ಥಾನುಗಳು ಇದ್ದೇ ಇರುತ್ತವೆ.

ಮರುದಿನ ಬೆಳಿಗ್ಗೆ ಇಬ್ಬರೂ ನನ್ನ ಕಾರಿನಲ್ಲಿ ಹೊರಟೆವು. ಬರ್ಕಾದವರೆಗೆ ತೋಳಿನ ಬಾಗು, ಕಾಲರಿನ ಎತ್ತರ ಎಂದು ಕೆಲಸದ ಮಾತು. ಬರ್ಕಾ ದಾಟಿ ಒಳನಾಡಿಗೆ ತಿರುಗಿ, ಎದುರಿಗೆ ಬೋಳು ಬೆಟ್ಟಗಳು ಕಾಣತೊಡಗಿದ ಮೇಲೆ ಕೆಲಸದ ಮಾತು ಮುಗಿಯಿತು.

"ಅಮ್ಮ ಜಾರಿ ಬಿದ್ದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ನಮ್ಮ ಬೂತಿನ ಹುಡುಗರು," ಎಂದರು ಕೋಟಣ್ಣ ಇದ್ದಕ್ಕಿದ್ದ ಹಾಗೆ. "ನಾನು ಇಲ್ಲಿ ಮೆಷಿನ್ ತುಳೀತಿದ್ದೆ. ಪಕ್ಷ ಅಂದ್ರೆ ನನಗೆ ಆ ಹುಡುಗರು. ಬೇರೆ ಎಂತ ನನಗೆ ಗೊತ್ತಿಲ್ಲ."

ನಾನೂ ಹೇಳಿದೆ. "ನನ್ನ ತಮ್ಮನ ಮೀನಿನ ಟೆಂಪೋ ನಿಲ್ಲಿಸಿ ಹೆಸರು ಕೇಳಿ, ಕೀ ಕಸಿದುಕೊಂಡು ಬಿಸಿಲಲ್ಲಿ ನಿಲ್ಲಿಸಿದವರೂ ಅದೇ ಶಾಲು ಹಾಕಿದವರು ಅಣ್ಣ. ಮೀನೆಲ್ಲ ಕೊಳೆಯಿತು. ಅವನು ಈಗ ಆ ದಾರಿಯಲ್ಲಿ ಹೋಗುವುದಿಲ್ಲ."

"ಅದು ತಪ್ಪು."

"ನನಗೆ ಹೇಳ್ತೀರಿ. ಅವರಿಗೆ ಹೇಳಿದ್ದೀರಾ?"

ಕೋಟಣ್ಣ ಕಿಟಕಿಯ ಗಾಜು ಇಳಿಸಿದರು. ಖರ್ಜೂರದ ತೋಟಗಳು ಬಂದವು, ಹೋದವು. "ಇಲ್ಲ," ಎಂದರು ಕೊನೆಗೆ. "ಹೇಳ್ಲಿಲ್ಲ."

ಅಲ್ಲಿಂದ ಮುಂದೆ ಇಬ್ಬರೂ ಜೋರಾಗಿಯೇ ಜಗಳವಾಡಿದೆವು. ಇಷ್ಟು ದಿನ ಒಳಗೆ ಇಟ್ಟುಕೊಂಡದ್ದೆಲ್ಲ ಬಂತು. ಅವರು ನನ್ನ ಕಡೆಯವರ ತಪ್ಪು ಎಣಿಸಿದರು. ನಾನು ಅವರ ಕಡೆಯವರದ್ದು ಎಣಿಸಿದೆ. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ರುಸ್ತಾಕಿನ ಕೋಟೆ ಕಂಡಾಗ ಕೋಟಣ್ಣ ವಾಕ್ಯದ ನಡುವೆಯೇ ನಿಲ್ಲಿಸಿ, "ಅಯ್ಯೋ, ನಮ್ಮ ಕೋಣೆಯ ಏಣಿ ಇನ್ನೂ ಉಂಟು ಮಾರಾಯ್ರೆ!" ಎಂದು ಕೂಗಿದರು.

ಇತ್ತು. ಅದೇ ತುಕ್ಕು ಹಿಡಿದ ಕಬ್ಬಿಣದ ಏಣಿ, ಅದರ ತುದಿಯಲ್ಲಿ ನಾವು ಮಲಗುತ್ತಿದ್ದ ಕೋಣೆ. ಈಗ ಯಾರೋ ಮಲಯಾಳಿಗಳ ಬಟ್ಟೆ ಒಣಗುತ್ತಿತ್ತು. ಕೆಳಗೆ ನಮ್ಮ ಹಳೆಯ ಅಂಗಡಿಯಲ್ಲಿ ಸುಗಂಧದ ಬಾಟಲಿಗಳು. ಇಬ್ಬರೂ ಬಿಸಿಲಲ್ಲಿ ನಿಂತು ಮೇಲೆ ನೋಡುತ್ತಿದ್ದೆವು. ಆ ಏಣಿ ಹತ್ತಿ ಅವರು ನನಗೆ ಜ್ವರ ಬಂದಾಗ ಗಂಜಿ ತಂದದ್ದು, ನಾನು ರಂಜಾನಿನ ನೋಂಬು ಹಿಡಿದ ತಿಂಗಳಲ್ಲಿ ಅವರು ಹಗಲು ಅಡುಗೆಯೇ ಮಾಡದೆ ಸೂಕಿನ ಹಿಂದೆ ಹೋಗಿ ರೊಟ್ಟಿ ತಿಂದು ಬರುತ್ತಿದ್ದದ್ದು ನನಗೆ ನೆನಪಾಗುತ್ತಿತ್ತು. ಅವರಿಗೆ ಏನು ನೆನಪಾಯಿತೋ. ಬಾಯಿಬಿಟ್ಟು ಹೇಳಿದ್ದು ಒಂದೇ: "ಆಗ ನಮ್ಮ ಹತ್ರ ಫೋನ್ ಇರ್ಲಿಲ್ಲ."

ಬಟ್ಟೆಯ ಮುದುಕ ನಮ್ಮನ್ನು ಗುರುತಿಸಿ ಖಾವಾ ಕುಡಿಸಿದ. ಏಲಕ್ಕಿ ಹಾಕಿದ ಆ ಕಹಿ ಕಾಫಿಯ ಜೊತೆ ಖರ್ಜೂರ. "ಮಾಶಾ ಅಲ್ಲಾ, ಇನ್ನೂ ಜೊತೆಯಲ್ಲೇ ಇದ್ದೀರಾ?" ಎಂದು ಅರಬ್ಬಿಯಲ್ಲಿ ಕೇಳಿದ. ನಾವು ಹೌದು ಎಂದೆವು. ಅಟ್ಟದಿಂದ ಧೂಳು ಕೊಡವಿ ಇಳಿಸಿದ ಥಾನು ಕಂದು ಅಲ್ಲ, ಜೇನಿನ ಬಣ್ಣ. ರಿಪಬ್ಲಿಕನ್ನರಿಗೆ ಇದೇ ಚೆಂದ ಎಂದು ಕೋಟಣ್ಣ ತೀರ್ಪು ಕೊಟ್ಟರು.

ಆಮೇಲಿನ ದಿನಗಳು ನನ್ನ ಕಸುಬಿನ ಬದುಕಿನಲ್ಲೇ ಸುಖದ ದಿನಗಳು. ಅವರು ಗುರುತು ಹಾಕುವುದು, ನಾನು ಕತ್ತರಿಸುವುದು. ಈ ಸಲ ಒಂದು ಕೋಟಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ ಚಾಚಾನಿಗೆ ತೊಡಿಸಿದೆವು. "ಕೈ ಎತ್ತು!" ಎಂದು ಕೋಟಣ್ಣ ಆಜ್ಞೆ ಮಾಡಿದರು. ಚಾಚಾ ಎರಡೂ ಕೈ ಎತ್ತಿದ. ಕೋಟು ಅಲುಗಲಿಲ್ಲ. ಗಡ್ಡದ ಚಾಚಾ ಬಾಲದ ಕೋಟಿನಲ್ಲಿ ಅಂಗಡಿಯಿಡೀ ಸುತ್ತಿ ಕನ್ನಡಿಯ ಮುಂದೆ ನಿಂತು ಮೀಸೆ ತೀಡಿಕೊಂಡ. ನಾವಿಬ್ಬರೂ ನಕ್ಕ ನಗುವಿಗೆ ಪಕ್ಕದ ಮೊಬೈಲ್ ಅಂಗಡಿಯವನು ಬಂದು ಇಣುಕಿ ಹೋದ. ಬಟನ್ ತೂರುವ ಕಾಜಾ ಮಾತ್ರ ಮೆಷಿನ್ನಿನಲ್ಲಿ ಬೇಡ, ಹಳೆಯ ಕಾಲದ್ದಲ್ಲವೇ, ಕೈಯಲ್ಲೇ ಆಗಲಿ ಎಂದು ಎದುರುಬದುರು ಕೂತು ಹಾಕಿದೆವು. ಕಾಜಾ ಹಾಕುತ್ತಾ ಮತ್ತೆ ಚುನಾವಣೆಯ ಜಗಳ. ಆದರೆ ಸೂಜಿ ನಿಲ್ಲಲಿಲ್ಲ.

ನಾಟಕದ ದಿನ ಟೀಚರ್ ನಮ್ಮಿಬ್ಬರಿಗೂ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದರು. ಒಂದು ಕಡೆ ಕಪ್ಪು ಕೋಟು, ಬಿಳಿ ಕಾಲುಚೀಲ. ಇನ್ನೊಂದು ಕಡೆ ಜೇನು ಬಣ್ಣ, ಉದ್ದ ಪ್ಯಾಂಟು. ಪರದೆ ಎದ್ದ ಕೂಡಲೇ ಜಗಳ ಯಾರ್ಯಾರ ನಡುವೆ ಎಂದು ಸಭೆಗೆ ತಿಳಿಯಿತು. ಮಕ್ಕಳು ಕೈ ಎತ್ತಿದಾಗೆಲ್ಲ ನಾನು ಕಂಕುಳು ನೋಡುತ್ತಿದ್ದೆ, ಕೋಟಣ್ಣ ಕಾಲರು ನೋಡುತ್ತಿದ್ದರು. ಒಂದು ಹೊಲಿಗೆಯೂ ಬಿಡಲಿಲ್ಲ.

ಕೊನೆಗೆ ಕಪ್ಪು ಕೋಟಿನ ಡೆಲವೇರಿನ ಹುಡುಗಿ ಎದ್ದು, ನಾನಿನ್ನು ಹಟ ಬಿಡುತ್ತೇನೆ ಎಂದಾಗ ಅವಳ ಪಕ್ಷದವರೇ ದ್ರೋಹಿ ಎಂದು ಕೂಗಿದರು. ಅವಳು ಪೆಟ್ಟಿಗೆಗೆ ಹಾಕಿದ್ದು ಖಾಲಿ ಚೀಟಿ. ಅವಳ ಪಕ್ಷದ ಇನ್ನು ಕೆಲವರು ಹಾಗೆಯೇ ಮಾಡಿ ಹಿಂದೆ ಸರಿದರು. ವರ್ಜೀನಿಯಾದವರು ಗೆದ್ದರು.

ಹೊರಗೆ ಸಮೋಸ ಕೊಡುತ್ತಿದ್ದರು. ಕೋಟಣ್ಣ ಟೀಚರನ್ನು ಹುಡುಕಿಕೊಂಡು ಹೋದರು. "ಖಾಲಿ ಚೀಟಿ ಯಾಕೆ ಟೀಚರ್?"

"ಶತ್ರುವಿಗೆ ಮತ ಹಾಕ್ಲಿಕ್ಕೆ ಮನಸ್ಸಿಲ್ಲ. ದೇಶ ಒಡೆಯುವುದೂ ಬೇಡ. ಹಾಗಾಗಿ ಖಾಲಿ."

"ಆಮೇಲೆ? ಸೋತವರು?"

"ಸೋತ ಅಧ್ಯಕ್ಷರು, ಅವರು ಫೆಡರಲಿಸ್ಟ್, ಗೆದ್ದವರ ಪ್ರಮಾಣವಚನಕ್ಕೆ ನಿಲ್ಲದೆ ಬೆಳಗಾಗುವ ಮೊದಲೇ ಗಾಡಿ ಹತ್ತಿ ಊರಿಗೆ ಹೋದ್ರು. ಅವರೂ ವರ್ಜೀನಿಯಾದವರೂ ಒಂದು ಕಾಲದಲ್ಲಿ ಜೀವದ ಗೆಳೆಯರು. ಮುದುಕರಾದ ಮೇಲೆ ಮತ್ತೆ ಪತ್ರ ಬರೀಲಿಕ್ಕೆ ಶುರು ಮಾಡಿದ್ರು."

"ಮುದುಕರಾಗುವವರೆಗೆ ಕಾದ್ರಾ?" ಕೋಟಣ್ಣನಿಗೆ ನಿಜವಾಗಿಯೂ ಸಂಕಟವಾದ ಹಾಗಿತ್ತು. "ಎಂತ ದಡ್ಡರು ಮಾರಾಯ್ರೆ."

ಊರಿನ ಫಲಿತಾಂಶ ಬಂದದ್ದು ಆಮೇಲೆ, ಸೆಖೆ ಪೂರ್ತಿ ಏರಿದ ಮೇಲೆ. ಅವರ ಪಕ್ಷ ಗೆದ್ದಿತು. ಬೆಳಿಗ್ಗೆಯಿಂದ ಕೋಟಣ್ಣನ ಫೋನು ನಡುಗುತ್ತಲೇ ಇತ್ತು, ಅವರು ಎತ್ತಲಿಲ್ಲ. ಸಾಮಾನ್ಯವಾಗಿ ಇಂಥ ದಿನ ಗೆದ್ದವರು ಲಾಡು ಹಂಚುತ್ತಾರೆ. ಅವರು ಬರಿಗೈಯಲ್ಲಿ ಬಂದು ಮೆಷಿನ್ನಿಗೆ ಎಣ್ಣೆ ಹಾಕಿ ಕೂತರು. ಮಧ್ಯಾಹ್ನದ ಹೊತ್ತಿಗೆ ಒಂದು ಕರೆ ಎತ್ತಿದರು. ತುಳುವಿನಲ್ಲಿ ಮಾತು, ಆಚೆಯಿಂದ ಡೋಲಿನ ಸದ್ದು ನನಗೂ ಕೇಳುತ್ತಿತ್ತು.

"ಖುಷಿ ಉಂಟು, ಇಲ್ಲ ಅಂತ ಯಾರು ಹೇಳಿದ್ರು? ಮೆರವಣಿಗೆ ಮಾಡಿ. ಮಸೀದಿಯ ಹತ್ರದ ದಾರಿಯಲ್ಲಿ ನಿಲ್ಲಿಸ್ಬೇಡಿ. ಪಟಾಕಿಯೂ ಬೇಡ ಅಲ್ಲಿ... ಯಾಕೆ ಅಂದ್ರೆ? ಅಲ್ಲಿ ನಮ್ಮ ಮಾಸ್ಟ್ರ ತಾಯಿ ಇದ್ದಾರೆ, ಅವರಿಗೆ ಹೃದಯದ ತೊಂದ್ರೆ ಉಂಟು... ಮತ್ತೆ ಆ ಮೀನಿನ ಟೆಂಪೋದ ವಿಷಯ ನನಗೆ ಗೊತ್ತಾಗಿದೆ. ಅದು ಮಾಡಿದ್ದು ಸರಿಯಲ್ಲ. ನಾನು ಊರಿಗೆ ಬಂದು ಎದುರು ಕೂತು ಹೇಳ್ತೇನೆ. ಬಯ್ಯುವುದಿದ್ರೆ ಈಗಲೇ ಬಯ್ಯಿ."

ಆಚೆಯವರು ಏನು ಬಯ್ದರೋ. ಕೋಟಣ್ಣ ಕೇಳಿಸಿಕೊಂಡು ಕೂತಿದ್ದು, ಫೋನನ್ನು ಮಗುಚಿಟ್ಟರು. ನಾನು ಅಲ್ಲೇ ಬಟ್ಟೆಗಳ ಹಿಂದೆ ಇದ್ದೇನೆಂದು ಅವರಿಗೆ ತಿಳಿದಿರಲಿಲ್ಲ.

ಹಿಂಬಾಗಿಲಿನಿಂದ ಹೊರಗೆ ಹೋದೆ. ಆ ಉರಿಯಲ್ಲಿ ಎರಡು ಬೀದಿ ನಡೆದು ಹಲ್ವದ ಅಂಗಡಿಯಿಂದ ಕೇಸರಿ, ಗುಲಾಬಿ ನೀರು ಹಾಕಿದ ಒಮಾನಿ ಹಲ್ವ ತಂದೆ. ಇನ್ನೂ ಬಿಸಿ ಇತ್ತು. ಡಬ್ಬ ತೆರೆದು ಅವರ ಮುಂದೆ ಇಟ್ಟೆ.

ಕೋಟಣ್ಣ ಡಬ್ಬವನ್ನೂ ನನ್ನನ್ನೂ ನೋಡಿದರು. "ಇದು ಗೆದ್ದವರು ತರ್ಬೇಕಾದದ್ದಲ್ವಾ ಮಾಸ್ಟ್ರೆ?"

"ಬಾಯಿ ಕಹಿಯಾಗಿರುವುದು ಸೋತವನಿಗಲ್ವಾ ಅಣ್ಣ? ಸಿಹಿ ಬೇಕಾದದ್ದು ನನಗೆ. ನೀವು ಜೊತೆಗೆ ತಿನ್ನಿ ಸಾಕು."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಚಾಚಾ ಕರೆಯುವ ಮೊದಲೇ ಬಂದು ಕೂತಿದ್ದ. ಒಮಾನಿ ಹಲ್ವಕ್ಕೆ ಚಮಚ ಇದ್ದರೆ ರುಚಿಯಿಲ್ಲ. ಮೂವರೂ ಒಂದೇ ಡಬ್ಬಕ್ಕೆ ಬೆರಳು ಹಾಕಿ ತಿಂದೆವು. ಬೆರಳಿಗೆಲ್ಲ ತುಪ್ಪ, ಅಂಟು. ಆ ಕೈಯಲ್ಲಿ ಬಿಳಿ ಬಟ್ಟೆ ಮುಟ್ಟುವ ಹಾಗಿರಲಿಲ್ಲ. ಕೈ ತೊಳೆಯಲು ಯಾರಿಗೂ ಅವಸರವೂ ಇರಲಿಲ್ಲ. ದಿಶ್‌ದಾಶಾ ಕೇಳಿಕೊಂಡು ಬಂದ ಗಿರಾಕಿಯೊಬ್ಬನಿಗೆ ಚಾಚಾ ಹಲ್ವದ ಡಬ್ಬ ಮುಂದೆ ಹಿಡಿದು, ಇವತ್ತು ಕೆಲಸ ಖಲಾಸ್, ನಾಳೆ ಬನ್ನಿ ಎಂದ.